ಸ್ಪಷ್ಟನೆ: ಸೀಟು ಜಾಸ್ತಿಯಾದರೆ ರೈಲು ಜಾಸ್ತಿ ಜನರನ್ನು ಒಯ್ಯುತ್ತದೆಯೇ?

"ಬೋಗಿಯಲ್ಲಿ ಸೀಟು ಜಾಸ್ತಿ ಹಾಕಿದಷ್ಟೂ ಜಾಸ್ತಿ ಜನ ಹೋಗಬಹುದು, ಬಾಗಿಲ ಹತ್ತಿರ ಸುಮ್ನೆ ಜಾಗ ಬಿಡುವುದು ದಂಡ" ಎಂಬ ಮಾತು ಹರಿದಾಡುತ್ತಿದೆ. ದೂರದೂರಿನ ರೈಲಿಗೆ ಇದು ಬಹುಮಟ್ಟಿಗೆ ಸರಿ. ನಗರದೊಳಗೆ ಓಡುವ ರೈಲಿಗೆ ಅಲ್ಲ.

ಲೆಕ್ಕ ನೋಡಿ. 2 ನಿಮಿಷಕ್ಕೊಂದು ರೈಲು ಬಂದರೆ ಗಂಟೆಗೆ 30 ರೈಲು. ಹತ್ತಿ ಇಳಿಯುವುದು ತಡವಾಗಿ ಅಂತರ ಎರಡೂವರೆ ನಿಮಿಷವಾದರೆ ಬರೀ 24. ಆ ನಷ್ಟ ತುಂಬಲು ಪ್ರತಿ ರೈಲಿನಲ್ಲೂ ಕಾಲು ಭಾಗ ಹೆಚ್ಚು ಜನ ಹಿಡಿಸಬೇಕು. ನಾಲ್ಕು ಸೀಟು ಸೇರಿಸಿದರೆ ಆಗುವ ಕೆಲಸವೇ ಇದು?

ತಡವಾಗುವುದು ಬಾಗಿಲಲ್ಲೇ. ಬಾಗಿಲಿನ ಅಂಚಿಗೇ ಸೀಟು ಬಂದರೆ ಅಲ್ಲಿ ನಿಂತವರಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಇಳಿಯುವವರಿಗೆ ದಾರಿ ಬಿಡಲು ಅವರೇ ಪ್ಲಾಟ್‌ಫಾರ್ಮಿಗೆ ಇಳಿದು ಮತ್ತೆ ಹತ್ತಬೇಕು. ಇಬ್ಬರು ಒಟ್ಟಿಗೆ ಹಾಯುವಷ್ಟು ಅಗಲದ ಬಾಗಿಲು ಒಬ್ಬೊಬ್ಬರನ್ನೇ ಬಿಡುತ್ತದೆ. ಇನ್ನು ಹಿಡಿದುಕೊಳ್ಳುವ ಕಂಬ ಬಾಗಿಲ ಬಳಿ ಮಾತ್ರ ಇದ್ದರೆ, ಒಳಗೆ ಜಾಗ ಖಾಲಿಯಿದ್ದರೂ ಯಾರೂ ಹೋಗುವುದಿಲ್ಲ. ಬೈದು ಪ್ರಯೋಜನವಿಲ್ಲ, ಬೀಳುವ ಭಯ ಎಲ್ಲರಿಗೂ ಇರುತ್ತದೆ ಅಲ್ವಾ?

ಡಬಲ್ ಡೆಕ್ಕರ್ ಹಾಕಿದರಾಯಿತು ಎನ್ನುವವರೂ ಇದ್ದಾರೆ. ಸಿಡ್ನಿಯ ಉಪನಗರ ರೈಲುಗಳು ಡಬಲ್ ಡೆಕ್ಕರ್. ಜನ ಹೆಚ್ಚು ಹಿಡಿಸಿದರೂ ಹತ್ತಿ ಇಳಿಯಲು ಬೋಗಿಯ ಒಂದೊಂದು ಬದಿಗೆ ಎರಡೇ ಬಾಗಿಲು. 2019ರಲ್ಲಿ ಶುರುವಾದ ಅಲ್ಲಿನ ಮೆಟ್ರೋ ಒಂದೇ ಅಂತಸ್ತಿನದು, ಬದಿಗೆ ಮೂರು ಬಾಗಿಲು. ಪ್ಯಾರಿಸ್‌ನ ಆರ್‌ಇಆರ್ ಎ ಎಂಬ ಉಪನಗರ ರೈಲು ಮಾರ್ಗದಲ್ಲಿ ಡಬಲ್ ಡೆಕ್ಕರ್ ಇದೆ ನಿಜ, ಆದರೆ ಅದಕ್ಕೂ ಬದಿಗೆ ಮೂರು ಅಗಲವಾದ ಬಾಗಿಲುಗಳಿವೆ.

ಹಾಗಂತ ಸೀಟೆಲ್ಲ ಕಿತ್ತುಹಾಕಿ ಎಂದು ಯಾರೂ ಹೇಳುತ್ತಿಲ್ಲ. ಪ್ರಯಾಣ ಉದ್ದವಾದಷ್ಟೂ ಸೀಟು ಬೇಕು. ಬಾಗಿಲ ಬಾಯಿಗೆ ಅಡ್ಡ ಬರಬಾರದು, ಅಷ್ಟೇ.