ಕೊಂದವರ ಕೈಗೇ ಸಿನಿಮಾ ಕೊಡಬಹುದೇ?

ಪರ

ಇಂಡೊನೇಷ್ಯಾದ ಮೇಡನ್ ನಗರದ ಕಟ್ಟಡವೊಂದರ ತಾರಸಿ. ಬಡಿದು ಕೊಂದರೆ ರಕ್ತ ಜಾಸ್ತಿ, ನಾತ ಬೇರೆ, ಅದಕ್ಕೇ ತಂತಿ ಹಿಡಿದೆವು ಎನ್ನುತ್ತಾನೆ ನರೆಗೂದಲ ಅನ್ವರ್ ಕಾಂಗೋ. ತಂತಿಯ ಒಂದು ತುದಿ ಕಂಬಕ್ಕೆ ಕಟ್ಟಿ, ಗೆಳೆಯನ ಕುತ್ತಿಗೆಗೆ ಸುತ್ತಿ ತೋರಿಸುತ್ತಾನೆ. ಆಮೇಲೆ ಅಲ್ಲೇ ಚಾ-ಚಾ ಕುಣಿಯುತ್ತಾನೆ.

‘ನೀವು ಮಾಡಿದ್ದನ್ನು ನಿಮಗೆ ಬೇಕಾದ ಹಾಗೆ ಸಿನಿಮಾ ಮಾಡಿ’ ಎಂದು ಇಂಥವರನ್ನು ಬಿಟ್ಟದ್ದು ನಿರ್ದೇಶಕ ಜೋಶುವಾ ಒಪೆನ್‌ಹೈಮರ್ ಅವರ ಸಾಕ್ಷ್ಯಚಿತ್ರ ‘ದಿ ಆಕ್ಟ್ ಆಫ್ ಕಿಲ್ಲಿಂಗ್’ (2012). ಅದು ತಪ್ಪೆನ್ನುವವರು ಇಂಡೊನೇಷ್ಯಾದ ಪರಿಸ್ಥಿತಿ ನೋಡಲಿ. 1965-66ರಲ್ಲಿ ಕಮ್ಯುನಿಸ್ಟರೆಂಬ ಹಣೆಪಟ್ಟಿ ಹಚ್ಚಿ ಕನಿಷ್ಠ 5 ಲಕ್ಷ ಜನರನ್ನು ಕೊಂದವರು ಕಟಕಟೆ ಹತ್ತಲಿಲ್ಲ, ಊರಲ್ಲಿ ದೊಡ್ಡ ಮನುಷ್ಯರಾಗಿ ಓಡಾಡಿಕೊಂಡಿದ್ದರು. ನಿರ್ದೇಶಕರು ಮೊದಲು ಹೋದದ್ದು ಬದುಕುಳಿದವರ ಬಳಿಗೇ. ಸೇನೆಯ ಕಾಟ ಶುರುವಾದಾಗ, ಕೊಂದವರನ್ನೇ ಮಾತಾಡಿಸಿ ಎಂದವರೂ ಆ ಬದುಕುಳಿದವರೇ. ಮಾತಾಡಿಸಿದರೆ, ಬಾಯಿ ಬಿಡಿಸುವ ಕಷ್ಟವೇ ಇರಲಿಲ್ಲ! ಸರ್ಕಾರಿ ಟಿವಿಯ ನಿರೂಪಕಿ ಇವರನ್ನು ಕೂರಿಸಿಕೊಂಡು ನಗುನಗುತ್ತಾ ಹೊಗಳುವ ದೃಶ್ಯವಿದೆ. ಇಡೀ ವ್ಯವಸ್ಥೆಯೇ ಅವರ ಬೆನ್ನಿಗಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಸಿನಿಮಾ ಸುಮ್ಮನೆ ಬಂದು ಹೋಗಲಿಲ್ಲ. ಅದನ್ನು ನೋಡಿದ ‘ಟೆಂಪೊ’ ವಾರಪತ್ರಿಕೆ ದೇಶದ ಬೇರೆಬೇರೆ ಕಡೆಯ ಕೊಲೆಗಾರರನ್ನು ಹುಡುಕಿ, 2012ರ ಅಕ್ಟೋಬರ್‌ನಲ್ಲಿ ವಿಶೇಷ ಸಂಚಿಕೆಯನ್ನೇ ತಂದಿತು.

ವಿರೋಧ

ಪುರಾವೆ ಸರಿ, ಬೆಲೆ ತೆತ್ತವರು ಯಾರು? ಸೆಟ್ಟಿನಲ್ಲಿ ಅನ್ವರನ ನೆರೆಯವನೊಬ್ಬ ಅಳುಕುತ್ತಾ, ನಗುತ್ತಾ ತನ್ನ ಕಥೆ ಹೇಳುತ್ತಾನೆ. ಅವನ ಮಲತಂದೆ ಚೀನೀ ಮೂಲದವನು. ರಾತ್ರಿ ಎಳೆದೊಯ್ದರು, ಹೆಣ ಡ್ರಮ್ಮಿನಡಿ ಸಿಕ್ಕಿತು, ಹುಡುಗನಾಗಿದ್ದ ತಾನೂ ಅಜ್ಜನೂ ಸೇರಿ ಹೂತೆವು ಎಂದು ಹೇಳಿ, ‘ನಿಮ್ಮನ್ನು ದೂರುತ್ತಿಲ್ಲ’ ಅಂತ ಸೇರಿಸುತ್ತಾನೆ. ಇದೆಲ್ಲ ಸಿನಿಮಾಕ್ಕೆ ಹೊಂದುವುದಿಲ್ಲ ಎಂದು ಅನ್ವರನ ಕಡೆಯವರು ತಳ್ಳಿಹಾಕುತ್ತಾರೆ. ಆಮೇಲೆ ಚಿತ್ರಹಿಂಸೆಗೆ ಸಿಕ್ಕವನ ಪಾತ್ರ ಅವನದೇ. ಗೊಣ್ಣೆ ಸುರಿಸಿಕೊಂಡು ಅಳುತ್ತಾನೆ, ಅದು ನಟನೆಯಲ್ಲ. ಕ್ಯಾಮೆರಾ ಓಡುತ್ತಲೇ ಇರುತ್ತದೆ, ಸಂಕಲನದಲ್ಲೂ ಅದು ಉಳಿದುಕೊಂಡಿದೆ. ಇಡೀ ಚಿತ್ರದ ಮೇಲೆ ನನ್ನ ತಕರಾರು ಇದೊಂದು ದೃಶ್ಯದಲ್ಲಿದೆ.

ಇನ್ನು ಸೇನೆ ಎಲ್ಲಿ? ಪಟ್ಟಿ ಮಾಡಿದವರು, ಜನರನ್ನು ಹಿಡಿದು ಇಂಥ ಪುಂಡರ ಕೈಗೊಪ್ಪಿಸಿದವರು ತೆರೆಯ ಮೇಲೆ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಪಾಶ್ಚಾತ್ಯ ಸರ್ಕಾರಗಳ ನೆರವಿಗೆ ಆರಂಭದ ಬರಹದಲ್ಲಿ ಒಂದು ಮಾತು, ಅಷ್ಟೆ. ನೋಡಿದವರ ತಲೆಯಲ್ಲಿ ಉಳಿಯುವವನು ಅನ್ವರ್ ಒಬ್ಬನೇ. ಕೊನೆಗೆ ಅದೇ ತಾರಸಿಯಲ್ಲಿ ಅವನು ಓಕರಿಸುವುದನ್ನು ಪಶ್ಚಾತ್ತಾಪ ಎಂದು ಬರೆದವರಿದ್ದಾರೆ. ಟಾಕೀಸಿನ ಮುಂದೆ ಬ್ಲ್ಯಾಕ್ ಟಿಕೆಟ್ ಮಾರುತ್ತಾ ಹಾಲಿವುಡ್ ಕಂಠಪಾಠ ಮಾಡಿಕೊಂಡವನಿಗೆ ಕ್ಲೈಮ್ಯಾಕ್ಸ್ ಗೊತ್ತಿರುವುದಿಲ್ಲವೇ? ನನಗಂತೂ ನಂಬಿಕೆ ಬರಲಿಲ್ಲ.

ಬೇರೆ ದಾರಿ ಇರಲಿಲ್ಲ ಎನ್ನುವಂತೆಯೂ ಇಲ್ಲ. ಅದೇ ನಿರ್ದೇಶಕರ 2014ರ ‘ದಿ ಲುಕ್ ಆಫ್ ಸೈಲೆನ್ಸ್’ನಲ್ಲಿ ಕನ್ನಡಕ ಮಾಡಿಕೊಡುವವನೊಬ್ಬ ಅಣ್ಣನ ಕೊಲೆಗಾರರ ಮನೆಗೇ ಹೋಗುತ್ತಾನೆ. ಕಣ್ಣು ಪರೀಕ್ಷಿಸುತ್ತಲೇ ಪ್ರಶ್ನೆ ಕೇಳುತ್ತಾನೆ. ಅಲ್ಲಿ ತಡವರಿಸುವವರು ಕೊಂದವರು.