ಬಾಯ್ಲರ್ ಬದಲಿಸಿದರೆ ಸಾಲದು, ಪೈಪೂ ನೋಡಬೇಕು

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಡಿಕೆ ತೋಟ ಇರುವ ಯಾರನ್ನಾದರೂ ಕೇಳಿ. ಎರಡಿಂಚಿನ ಪೈಪು ಎಲ್ಲಿವರೆಗೆ, ಒಂದೂವರೆ ಇಂಚು ಎಲ್ಲಿಂದ ಶುರು, ಎಲ್ಲ ಬಾಯಲ್ಲೇ ಇರುತ್ತದೆ. ಸಣ್ಣ ಪೈಪನ್ನು ಉದ್ದಕ್ಕೆ ಎಳೆದರೆ ಕೊನೆಯ ಸ್ಪ್ರಿಂಕ್ಲರ್ ತಿರುಗುವುದಿಲ್ಲ ಅಂತ ಮಕ್ಕಳಿಗೂ ಗೊತ್ತು. ಗ್ಯಾಸಿನ ಪೈಪಿಗೆ ಬಂದಾಗ ಮಾತ್ರ ನಾವು ಈ ಲೆಕ್ಕ ಯಾಕೆ ಮರೆಯುತ್ತೇವೆ? ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದ ಮೇಲೆ ನನಗೆ ಇದೇ ಯೋಚನೆ.

ಅಲ್ಲಿ ಅವರ ಹಳೆ ಗ್ಯಾಸ್ ಬಾಯ್ಲರ್ ಕೆಟ್ಟಿತ್ತು. ಅದು ಟ್ಯಾಂಕಿನ ನೀರನ್ನು ನಿಧಾನವಾಗಿ ಕಾಯಿಸುತ್ತಿತ್ತು. ಹೊಸದು ಕಾಂಬಿ ಬಾಯ್ಲರ್, ಟ್ಯಾಂಕೇ ಇಲ್ಲ. ನಲ್ಲಿ ತಿರುಗಿಸಿದ ಕೂಡಲೇ ನೀರು ಕಾಯಬೇಕು, ಹಾಗಾಗಿ ಆ ಹೊತ್ತಿಗೆ ಗ್ಯಾಸ್ ಜಾಸ್ತಿ ಬೇಕು. ಹಳೆಯದಕ್ಕೆ ಗಂಟೆಗೆ ಸುಮಾರು 1.4 ಘನ ಮೀಟರ್ ಸಾಕಿತ್ತು, 30 ಕಿಲೋವ್ಯಾಟಿನ ಹೊಸದಕ್ಕೆ 3ಕ್ಕಿಂತ ಹೆಚ್ಚು.

ಫಿಟ್ಟರ್ ಬಂದವನು ಮೊದಲು ಬಾಯ್ಲರ್ ಮುಟ್ಟಲೇ ಇಲ್ಲ. ಟೇಪು ಹಿಡಿದು ಗ್ಯಾಸ್ ಮೀಟರಿನಿಂದ ಪೈಪಿನ ಜಾಡು ಹಿಡಿದ. ಉದ್ದ 6 ಮೀಟರ್, ಎಲ್ಬೋ, ಅಂದರೆ ಪೈಪಿನ ತಿರುವು, ಆರು. ತಿರುವಿನಲ್ಲೂ ಗ್ಯಾಸಿಗೆ ತಡೆ ಇರುತ್ತದೆ ಅಂತ ಒಂದೊಂದು ಎಲ್ಬೋಗೆ ಅರ್ಧ ಮೀಟರ್ ಸೇರಿಸಿದ, ಒಟ್ಟು 9 ಮೀಟರ್ ಆಯಿತು. ಅಷ್ಟು ಉದ್ದಕ್ಕೆ 15 ಮಿಲಿಮೀಟರಿನ ತಾಮ್ರದ ಪೈಪು ಗಂಟೆಗೆ 1.5 ಘನ ಮೀಟರ್ ಮಾತ್ರ ಕೊಡುತ್ತದೆ. 22 ಮಿಲಿಮೀಟರಿನದು 4.6 ಕೊಡುತ್ತದೆ. ಪೈಪು ಬದಲಿಸದೆ ಕೂರಿಸುವುದಿಲ್ಲ ಅಂದುಬಿಟ್ಟ. ಮರದ ನೆಲ ಎಬ್ಬಿಸಬೇಕಾಯಿತು. "ಇದೊಂದು ಖರ್ಚು ಬೇರೆ ಅಪ್ಪಾ" ಅಂತ ಮಗಳು ಬೇಜಾರು ಮಾಡಿಕೊಂಡಳು. ನನಗೆ ಆ ಹುಡುಗನ ಮೇಲೆ ಗೌರವ ಬಂತು.

ಕೊನೆಯ ಪರೀಕ್ಷೆ ನನಗೆ ಬಹಳ ಹಿಡಿಸಿತು. ಯು ಆಕಾರದ ಗಾಜಿನ ಕೊಳವೆ, ಒಳಗೆ ನೀರು. ಬಿಸಿನೀರಿನ ನಲ್ಲಿ ಪೂರ್ತಿ ಬಿಟ್ಟು, ಬಾಯ್ಲರ್ ಜೋರಾಗಿ ಉರಿಯುವಾಗಲೇ ಗ್ಯಾಸಿನ ಒತ್ತಡ ಅಳೆದ. ಅಲ್ಲಿ ಮೀಟರಿನ ಬಳಿ ಒತ್ತಡ 21 ಮಿಲಿಬಾರ್ ಆಸುಪಾಸು, ಅಂದರೆ ಹತ್ತಿರಹತ್ತಿರ ಒಂದು ಗೇಣು ನೀರು. ಬಾಯ್ಲರ್ ಮುಟ್ಟುವಷ್ಟರಲ್ಲಿ ಅದರಲ್ಲಿ 1 ಮಿಲಿಬಾರಿಗಿಂತ ಹೆಚ್ಚು ಇಳಿಯಬಾರದು. ಒಂದು ಸೆಂಟಿಮೀಟರ್ ನೀರು, ಕಿರುಬೆರಳಿನ ಅಗಲ, ಅಷ್ಟೇ! ಇವರದ್ದು ಅರ್ಧ ಸೆಂಟಿಮೀಟರ್ ಇಳಿದಿತ್ತು. ಅದನ್ನು ಬರೆದು ಸಹಿ ಹಾಕಿ ಕೊಟ್ಟ. ಅಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ ಅನ್ನುವ, ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿಯಲ್ಲಿ ಹೆಸರಿಲ್ಲದವರು ದುಡ್ಡಿಗೆ ಇಂಥ ಕೆಲಸ ಮಾಡುವ ಹಾಗಿಲ್ಲ.

ನಮ್ಮ ಮನೆಯ ಕಥೆ ಬೇರೆ. ಮೊದಲು ಬಚ್ಚಲಲ್ಲಿ ಹಂಡೆ ಇತ್ತು, ಅಡಿಕೆ ಸಿಪ್ಪೆ, ತೆಂಗಿನ ಮಡಲಿನ ಬೆಂಕಿ. ಆಮೇಲೆ ಗ್ಯಾಸ್ ಗೀಸರ್ ತಂದೆವು. ಅಂಗಡಿಯವನು ಒಲೆಗೆ ಹೋಗುವ ಪೈಪಿಗೇ ಒಂದು ಟೀ ಜಾಯಿಂಟ್ ಹಾಕಿ, ರಬ್ಬರ್ ಪೈಪು ಎಳೆದು, ಹತ್ತು ನಿಮಿಷದಲ್ಲಿ ಮುಗಿಸಿದ. ಉದ್ದ ಅಳೆಯಲಿಲ್ಲ, ಒತ್ತಡ ನೋಡಲಿಲ್ಲ. ಒಲೆಯ ದೊಡ್ಡ ಬರ್ನರಿಗಿಂತ ಗೀಸರ್ ನಾಲ್ಕೈದು ಪಟ್ಟು ಜಾಸ್ತಿ ಗ್ಯಾಸ್ ಎಳೆಯುತ್ತದೆ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದರೆ ಅತ್ತ ದೋಸೆ ಕಾವಲಿಯಡಿ ಉರಿ ಕುಗ್ಗುತ್ತಿತ್ತು, ಇತ್ತ ನನಗೆ ಉಗುರುಬೆಚ್ಚನೆ ನೀರು. ವರ್ಷಗಟ್ಟಲೆ ಸಿಲಿಂಡರನ್ನು ಬೈದೆವು. ಜೊತೆಗೆ ಬಂದ ಪುಸ್ತಕ ಇಂಗ್ಲಿಷ್, ಮಲಯಾಳಂನಲ್ಲಿ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಹಿರಿಯರು ಅದನ್ನು ಓದುವುದಾದರೂ ಹೇಗೆ?

ಗೀಸರ್ ಬಚ್ಚಲ ಒಳಗೇ ಇತ್ತು ಎನ್ನುವುದು ಇನ್ನೂ ದೊಡ್ಡ ತಪ್ಪು. ಗಾಳಿ ಆಡದ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವ ಹೋಗುವುದೂ ತಿಳಿಯುವುದಿಲ್ಲ.

ಊರಿಗೆ ಬಂದ ವಾರವೇ ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ಅದಕ್ಕೆ ಬೇರೆ ಸಿಲಿಂಡರ್, ಬೇರೆ ರೆಗ್ಯುಲೇಟರ್ ಕೊಡಿಸಿದೆ. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಯ ಮೇಲೆಯೇ ಹೋಗುತ್ತದೆ. ಪೈಪಿನ ಗ್ಯಾಸ್ ನಿಮ್ಮ ಮನೆಗೆ ಬಂದ ದಿನ, ಗೀಸರಿಗೂ ಅದೇ ಲೈನ್ ಬೇಕಿದ್ದರೆ ಮೊದಲೇ ಹೇಳಿ. ಎಷ್ಟು ಮೀಟರ್, ಎಷ್ಟು ಎಲ್ಬೋ, ಒಲೆ, ಗೀಸರ್ ಎರಡೂ ಒಟ್ಟಿಗೆ ಉರಿಯುವಾಗ ಒತ್ತಡ ಎಷ್ಟು ಅಂತ ಕೇಳಿ, ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.