ಬಯಾಪ್ಸಿಯಲ್ಲಿ ನೆಕ್ರೋಸಿಸ್ ಬಂದರೆ ಕ್ಯಾನ್ಸರ್ ಇಲ್ಲ ಅಂತಲ್ಲ

ನಿನ್ನೆ ರಾತ್ರಿ ಆನ್‌ಲೈನ್‌ನಲ್ಲಿ ನಮ್ಮ ವೈದ್ಯರ ಸ್ಲೈಡ್ ಚರ್ಚೆ ಇತ್ತು. ಜಪಾನಿನ ರೋಗಿಗಳಲ್ಲಿ ಕಾಣುವ ಮೂಗಿನ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್, ಅದರ ವಿಷಯ. ಇನ್ನೇನು ಮುಗಿಯಬೇಕು, ನಮ್ಮವರೇ ಒಬ್ಬರು ಮೈಕ್ ಆನ್ ಮಾಡಿ, "ಇದೆಲ್ಲ ಜಪಾನ್ ಕಡೆಯ ಕಾಯಿಲೆ, ನಮಗೆ ಅಷ್ಟೊಂದು ಬೇಕಾ? ಬಯಾಪ್ಸಿಯಲ್ಲಿ ಬರೀ ನೆಕ್ರೋಸಿಸ್ ಅಂತ ಬಂದರೆ ಆಂಟಿಬಯಾಟಿಕ್ ಕೊಟ್ಟು ನೋಡಿದರಾಯ್ತು" ಅಂದುಬಿಟ್ಟರು. ಆಗಿನಿಂದ ತಲೆ ಬಿಸಿಯಾಗಿದೆ. ಬರೆಯದೆ ಸಮಾಧಾನ ಇಲ್ಲ.

ದಿನವಿಡೀ ಮೈಕ್ರೋಸ್ಕೋಪ್ ಮುಂದೆ ಕೂರುವವಳು ನಾನು, ನಿಮಗೆ ಗೊತ್ತಲ್ಲ. ನೆಕ್ರೋಸಿಸ್ ಅಂದರೆ ಸತ್ತ ಅಂಗಾಂಶ, ಅಷ್ಟೇ. ಯಾಕೆ ಸತ್ತಿತು ಅಂತ ಕೇಳಬೇಕಾದ ಜಾಗದಲ್ಲೇ ನಾವು ಫೈಲ್ ಮುಚ್ಚಿಬಿಟ್ಟರೆ ಹೇಗೆ?

ಈ ಕಾಯಿಲೆ ಶುರುವಾಗುವುದೇ ಯಾರೂ ಹೆದರದ ಹಾಗೆ. ಮೂಗು ಕಟ್ಟುತ್ತದೆ. ರಕ್ತ ಬೆರೆತ ಸಿಂಬಳ ಬರುತ್ತದೆ, ಒಳಗೆ ಹಕ್ಕಳೆ ಕಟ್ಟುತ್ತದೆ, ಕೆಟ್ಟ ವಾಸನೆ. ಸೈನಸ್ ಇರಬೇಕು ಅಂತ ಮಾತ್ರೆ ನುಂಗುತ್ತಾ ತಿಂಗಳುಗಳು ಹೋಗುತ್ತವೆ. ಲಿಂಫೋಮಾ ಅಂದರೆ ಕತ್ತಿನಲ್ಲಿ ಗಂಟು ಹುಡುಕುತ್ತೇವೆ ಅಲ್ವಾ, ಇಲ್ಲಿ ಎಷ್ಟೋ ಸಲ ಗಂಟೇ ಇರುವುದಿಲ್ಲ. ಆಮೇಲೆ ಮುಖ ಊದುತ್ತದೆ, ಜ್ವರ ಬಿಡುವುದಿಲ್ಲ, ಕೆಲವರಿಗೆ ಅಂಗುಳ ತೂತಾಗಿ ಕುಡಿದ ನೀರು ಮೂಗಿನಿಂದ ಬರುತ್ತದೆ. ಅಲ್ಲಿಯವರೆಗೂ ಕಾಯಬೇಕಾ?

ನಿನ್ನೆ ತೋರಿಸಿದ ಒಂದು ಸ್ಲೈಡ್ ಇನ್ನೂ ಕಣ್ಣಲ್ಲಿದೆ. ಮುಕ್ಕಾಲು ಭಾಗ ಮಾಸಲು ಗುಲಾಬಿ, ಒಂದು ಜೀವಂತ ಕೋಶವೂ ಇಲ್ಲ. ಅಂಚಿನಲ್ಲಿ ಮಾತ್ರ ಒಂದು ಸಣ್ಣ ರಕ್ತನಾಳ, ಅದರ ಗೋಡೆಯ ತುಂಬಾ ಸೊಟ್ಟ ಸೊಟ್ಟ ನ್ಯೂಕ್ಲಿಯಸ್‌ಗಳ ಕೋಶಗಳು ನುಗ್ಗಿವೆ. ಈ ಲಿಂಫೋಮಾ ಹೀಗೆ ರಕ್ತನಾಳವನ್ನೇ ಸುತ್ತಿ, ಒಳಹೊಕ್ಕು ಹಾಳು ಮಾಡುತ್ತದೆ. ಕಾಲುವೆ ಒಡೆದರೆ ಕೆಳಗಿನ ಗದ್ದೆ ಒಣಗಿದ ಹಾಗೆ, ಸುತ್ತಲಿನ ಅಂಗಾಂಶ ಸಾಯುತ್ತದೆ. ಅಂದರೆ ಇಲ್ಲಿ ನೆಕ್ರೋಸಿಸ್ ಬಂದಿರುವುದೇ ಈ ಗಡ್ಡೆಯಿಂದ! ಅದನ್ನೇ ನೋಡಿ ಕ್ಯಾನ್ಸರ್ ಇಲ್ಲ ಅಂತ ನಿಟ್ಟುಸಿರು ಬಿಡುತ್ತೀರಲ್ಲ, ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ಆ ಕೋಶಗಳು ಸಿಡಿ56 ಪಾಸಿಟಿವ್, ಅಂದರೆ ಈ ಲಿಂಫೋಮಾದಲ್ಲಿ ಸಾಮಾನ್ಯವಾಗಿ ಸಿಗುವ ಗುರುತಿನ ಪ್ರೋಟೀನ್ ಅವುಗಳಲ್ಲಿದೆ. ಮುಂದಿನ ಸ್ಲೈಡ್ ಕೋಶದೊಳಗೆ ವೈರಸ್ ಹುಡುಕುವ ಈಬರ್ ಪರೀಕ್ಷೆಯದು, ಒಂದೊಂದು ನ್ಯೂಕ್ಲಿಯಸ್ಸೂ ಕಪ್ಪಗೆ ಎದ್ದು ಕಾಣುತ್ತಿತ್ತು. ಎಪ್ಸ್ಟೀನ್-ಬಾರ್ ವೈರಸ್ ಅಲ್ಲೇ ಕೂತಿದೆ ಅಂತ ಅರ್ಥ. ಈ ಗಡ್ಡೆಯಲ್ಲಿ ಆ ವೈರಸ್ ಇರುವುದನ್ನು ಮೊದಲು ತೋರಿಸಿಕೊಟ್ಟವರು ಜಪಾನಿನವರೇ. 1990ರಲ್ಲಿ ಯಾಸುಆಕಿ ಹರಾಬುಚಿ ಮತ್ತು ಸಂಗಡಿಗರು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1897ರಲ್ಲಿ ಮೆಕ್‌ಬ್ರೈಡ್ ಅನ್ನುವ ವೈದ್ಯರು ಇಂಥ ಒಬ್ಬ ರೋಗಿಯ ಬಗ್ಗೆ ಬರೆದ ಕಾಲದಿಂದಲೂ, ಮೂಗು ಮುಖ ಕೊರೆದು ಹೋಗುವ ಈ ರೋಗ ಸೋಂಕೋ, ಉರಿಯೂತವೋ, ಕ್ಯಾನ್ಸರೋ ಅಂತ ದಶಕಗಟ್ಟಲೆ ಜಗ್ಗಾಟ ನಡೆದಿತ್ತು. ಆ ಜಗ್ಗಾಟಕ್ಕೂ ಕಾರಣ ಇದೇ, ಬಯಾಪ್ಸಿಯಲ್ಲಿ ಸಿಗುತ್ತಿದ್ದದ್ದು ಬಹುಪಾಲು ಸತ್ತ ಅಂಗಾಂಶ.

ನಮ್ಮಲ್ಲಿ ಇದು ಅಪರೂಪ ಅನ್ನುತ್ತೀರಿ. ಹೌದು, ಅಪರೂಪವೇ. ಜಪಾನ್, ಕೊರಿಯಾ, ಚೀನಾ, ಆಮೇಲೆ ಮೆಕ್ಸಿಕೋ, ಪೆರು ಕಡೆ ಜಾಸ್ತಿ. ಆದರೆ ಭಾರತದಲ್ಲಿ ಇಲ್ಲವೇ ಇಲ್ಲ ಅಂತೇನಿಲ್ಲವಲ್ಲ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಮೂಗಲ್ಲಿ ಚೂರು ಕಪ್ಪು ಕಂಡರೂ ಓಡೋಡಿ ಬಯಾಪ್ಸಿ ಮಾಡಿದೆವು. ಆ ಎಚ್ಚರ ಈಗ ಎಲ್ಲಿ ಹೋಯಿತು?

ತಡವಾದರೆ ಕಳೆದುಕೊಳ್ಳುವುದು ಎಷ್ಟು ಅಂತಲೂ ಕೇಳಿ. ಮಾಮೂಲಿ ಲಿಂಫೋಮಾಕ್ಕೆ ಕೊಡುವ ಚಾಪ್ ಅನ್ನುವ ಕೀಮೋ ಔಷಧಿಗಳ ಜೋಡಣೆ ಇದಕ್ಕೆ ಸರಿಯಾಗಿ ನಾಟುವುದಿಲ್ಲ. ಔಷಧಿಯನ್ನು ಹೊರಗೆ ತಳ್ಳುವ ಪಿ-ಗ್ಲೈಕೋಪ್ರೋಟೀನ್ ಈ ಕೋಶಗಳಲ್ಲಿದೆ. ಜಪಾನಿನವರು 50 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ) ರೇಡಿಯೇಷನ್ ಜೊತೆಜೊತೆಗೇ ಡೆವಿಕ್ ಅನ್ನುವ ಬೇರೆ ಕೀಮೋವನ್ನು ಪೂರ್ತಿ ಡೋಸ್‌ನ ಮೂರನೇ ಎರಡರಷ್ಟು ಕೊಟ್ಟು ನೋಡಿದರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ವರ್ಷದ ಬಳಿಕ 78% ರೋಗಿಗಳು ಬದುಕಿದ್ದರು. ಆದರೆ ಅವರೆಲ್ಲ ಕಾಯಿಲೆ ಮೂಗಿನ ಸುತ್ತಮುತ್ತಲೇ ಇದ್ದವರು. ಮೈಗೆಲ್ಲ ಹರಡಿದ ಮೇಲೆ ಬಂದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ನಿಜ ಹೇಳುತ್ತೇನೆ, 'ನೆಕ್ರೋಸಿಸ್ ಮಾತ್ರ' ಅಂತ ರಿಪೋರ್ಟ್ ಬರೆದು ಸಹಿ ಮಾಡುವಾಗ ನನಗೆ ಭಯವಾಗುತ್ತದೆ. ಅದಕ್ಕೇ ಕೆಳಗೆ 'ಮತ್ತೊಮ್ಮೆ ಬಯಾಪ್ಸಿ ಮಾಡಿ' ಅಂತ ಸೇರಿಸುತ್ತೇನೆ. ಆ ಸಾಲನ್ನು ಯಾರೂ ಓದುವುದಿಲ್ಲ. ಲ್ಯಾಬ್‌ನವರು ಸುಮ್ನೆ ಬಚಾವಾಗೋಕೆ ಬರೆಯುತ್ತಾರೆ ಅಂದುಕೊಳ್ಳುತ್ತಾರೆ. ಇಲ್ಲ ಕಣ್ರೀ, ನಿಮ್ಮ ರೋಗಿಗಾಗಿ ಬರೆಯುವುದು.

ಇಎನ್‌ಟಿ ಗೆಳೆಯರೇ, ಹಕ್ಕಳೆ ತೆಗೆದು ಪಕ್ಕಕ್ಕಿಟ್ಟು ಅದರ ಕೆಳಗಿನಿಂದ, ಅಂಚಿನಿಂದ, ರಕ್ತ ಒಸರುವ ಜಾಗದಿಂದ ತುಣುಕು ತೆಗೆಯಿರಿ. ಒಂದಲ್ಲ, ನಾಲ್ಕೈದು ಕಡೆಯಿಂದ. ಸ್ಟೆರಾಯ್ಡ್ ಶುರು ಮಾಡುವ ಮುಂಚೆಯೇ ತೆಗೆಯಿರಿ. ಫಾರಂನಲ್ಲಿ ಎಷ್ಟು ತಿಂಗಳಿಂದ ಇದೆ, ಎಷ್ಟನೇ ಬಯಾಪ್ಸಿ ಅಂತ ಎರಡು ಸಾಲು ಬರೆಯಿರಿ. ಈಬರ್ ಹಾಕಿಸಬೇಕಾ ಅಂತ ಅನುಮಾನ ಬಂದರೆ ನೇರವಾಗಿ ಫೋನ್ ಮಾಡಿ, ರಾತ್ರಿ ಹತ್ತಾದರೂ ಪರವಾಗಿಲ್ಲ.